ದೇಹದೊಳಗಿನ ಬಿಸಿಗೆ ಕೊಬ್ಬಿನ ಸಾಕ್ಷಿ



ಕರದಂಟು ಮಾಡುವಾಗ ಬೆಲ್ಲದ ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಒಂದು ಹನಿ ನೀರಿಗೆ ಬಿಟ್ಟು ನೋಡುತ್ತಾರೆ. ಆದರೆ ಮನುಷ್ಯನ ಹೊಟ್ಟೆಯೊಳಗಿನ ಗಡ್ಡೆಯೊಂದು ಎಷ್ಟು ಕಾದಿದೆ ಎಂದು ತಿಳಿಯುವುದು ಹೇಗೆ? ಬಾಯಲ್ಲಿಟ್ಟ ಥರ್ಮಾಮೀಟರ್ ಅದನ್ನು ಹೇಳಲಾರದು.

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಇಂದು ಕೆಲವು ಗಡ್ಡೆಗಳನ್ನು ಕತ್ತರಿಸದೆ, ಶ್ರವಣಾತೀತ ಅಲೆಗಳನ್ನು ಒಂದೇ ಬಿಂದುವಿಗೆ ಸೇರಿಸಿ, ಕಾಯಿಸಿ ನಾಶಮಾಡುತ್ತಾರೆ. ಗರ್ಭಕೋಶದ ಗಡ್ಡೆಗಳಿಗೆ ಈ ಚಿಕಿತ್ಸೆ ನೀಡಲು ಅಮೆರಿಕ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಸುಮಾರು 60 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಜೀವಕೋಶಗಳು ಕೆಲವೇ ಸೆಕೆಂಡುಗಳಲ್ಲಿ ಸಾಯುತ್ತವೆ. ಬಿಸಿ ಕಡಿಮೆಯಾದರೆ ಗಡ್ಡೆ ಉಳಿಯುತ್ತದೆ. ಪಕ್ಕಕ್ಕೆ ಹರಡಿದರೆ ಒಳ್ಳೆಯ ನರವೋ ಕರುಳೋ ಸುಡುತ್ತದೆ. ಆದ್ದರಿಂದ ಆ ಕ್ಷಣದ ಉಷ್ಣತೆ ವೈದ್ಯರಿಗೆ ಗೊತ್ತಾಗಲೇಬೇಕು. ಅದನ್ನು ತಿಳಿಸಬಲ್ಲದ್ದು ಎಂ.ಆರ್.ಐ. ಯಂತ್ರ.

ನಮ್ಮ ದೇಹದ ನೀರಿನಲ್ಲಿಯೂ ಕೊಬ್ಬಿನಲ್ಲಿಯೂ ಜಲಜನಕವಿದೆ. ಬಲವಾದ ಅಯಸ್ಕಾಂತದೊಳಗೆ ಅದರ ಪರಮಾಣು ಬೀಜಗಳಿಂದ ರೇಡಿಯೋ ಸಂಕೇತ ಪಡೆಯಬಹುದು. 1.5 ಟೆಸ್ಲಾ ಯಂತ್ರದಲ್ಲಿ ಅದರ ಆವರ್ತನ ಸೆಕೆಂಡಿಗೆ ಸುಮಾರು 6.4 ಕೋಟಿ. ನೀರಿನ ಅಣುಗಳು ಜಲಜನಕ ಬಂಧದಿಂದ ಒಂದನ್ನೊಂದು ಹಿಡಿದಿರುತ್ತವೆ. ಬಿಸಿ ಏರಿದಂತೆ ಈ ಹಿಡಿತ ಸಡಿಲಾಗಿ ಆವರ್ತನ ತುಸು ಇಳಿಯುತ್ತದೆ. ಎಷ್ಟು? ಪ್ರತಿ ಡಿಗ್ರಿಗೆ ಸುಮಾರು ಹತ್ತು ಕೋಟಿಯಲ್ಲಿ ಒಂದು ಪಾಲು! ಇದರಿಂದ ಉಷ್ಣತೆಯ ನಕ್ಷೆ ತೆಗೆಯುವ ವಿಧಾನವನ್ನು ಜಪಾನಿನ ಇಶಿಹಾರಾ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದರು.

ಆದರೆ ಒಂದು ತೊಡಕಿದೆ. ಕೆಲಸ ಮಾಡುತ್ತ ಯಂತ್ರವೂ ಬಿಸಿಯಾಗಿ, ಅದರ ಕಾಂತಕ್ಷೇತ್ರ ಮೆಲ್ಲಗೆ ಸರಿಯುತ್ತದೆ. ಹತ್ತು ಕೋಟಿಯಲ್ಲಿ ಒಂದು ಪಾಲು ಸರಿದರೂ ಲೆಕ್ಕ ಒಂದು ಡಿಗ್ರಿ ತಪ್ಪುತ್ತದೆ.

ಇಲ್ಲಿ ನೆರವಿಗೆ ಬರುವುದೇ ಕೊಬ್ಬು, ಅಂದರೆ ಉರ್ದುವಿನ ಚರ್ಬಿ. ಅನೇಕ ಸ್ಕ್ಯಾನ್‌ಗಳಲ್ಲಿ ಅದರ ಸಂಕೇತ ಅಡ್ಡಿಯೆಂದು ಅಡಗಿಸಿಬಿಡುತ್ತಾರೆ. ಆದರೆ ಕೊಬ್ಬಿನ ಅಣುಗಳಲ್ಲಿ ನೀರಿನಂಥ ಬಂಧದ ಜಾಲವಿಲ್ಲ. ಬಿಸಿಯಾದರೂ ಅದರ ಆವರ್ತನ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಕಾಂತಕ್ಷೇತ್ರ ಸರಿದಾಗ ಮಾತ್ರ ನೀರು, ಕೊಬ್ಬು ಎರಡೂ ಒಟ್ಟಿಗೆ ಸರಿಯುತ್ತವೆ. ಡಬ್ಬಿ ಸಮೇತ ತುಪ್ಪ ತೂಗಿ ಖಾಲಿ ಡಬ್ಬಿಯ ತೂಕ ಕಳೆದಂತೆ, ನೀರಿನ ಬದಲಾವಣೆಯಲ್ಲಿ ಕೊಬ್ಬಿನ ಬದಲಾವಣೆ ಕಳೆದರೆ ಉಳಿಯುವುದು ಬಿಸಿಯ ಲೆಕ್ಕ. ಸ್ತನದಂತೆ ನೀರು, ಕೊಬ್ಬು ಬೆರೆತಿರುವ ಅಂಗಗಳಲ್ಲಿ ಇದು ಬಹಳ ಉಪಯುಕ್ತ. ಅಪ್ಪಟ ಕೊಬ್ಬಿನಲ್ಲಿ ಮಾತ್ರ ಈ ಉಪಾಯ ನಡೆಯದು. ಅಲ್ಲಿ ಕೊಬ್ಬಿನ ಬೀಜಗಳು ಮತ್ತೆ ಮೊದಲಿನ ಸ್ಥಿತಿಗೆ ಮರಳುವ ಸಮಯವನ್ನು ಅಳೆಯುತ್ತಾರೆ. ಬಿಸಿ ಹೆಚ್ಚಿದಂತೆ ಆ ಸಮಯವೂ ಹೆಚ್ಚುತ್ತದೆ.

ವಿದ್ಯಾರ್ಥಿ ಮಿತ್ರರೇ, ಇದು ಪರದೇಶದವರ ವಿದ್ಯೆ ಎಂದು ದೂರ ಇಡಬೇಡಿರಿ. ಎಂ.ಆರ್.ಐ. ಚಿತ್ರ ಮೂಡಿಸುವ ಫೂರಿಯೆ ವಿಧಾನವನ್ನು 1975ರಲ್ಲಿ ಸ್ವಿಟ್ಜರ್ಲೆಂಡಿನ ರಿಚರ್ಡ್ ಅರ್ನ್ಸ್ಟ್ ಅವರೊಂದಿಗೆ ಪ್ರಕಟಿಸಿದವರಲ್ಲಿ ಅನಿಲ್ ಕುಮಾರ್ ಒಬ್ಬರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಇಂದು ನಾನು ಹೇಳಿದ್ದರಲ್ಲಿ ಇರುವುದೇನು? ಜಲಜನಕ, ಅಯಸ್ಕಾಂತ ಮತ್ತು ಕಳೆಯುವ ಲೆಕ್ಕ. ಮೂರನ್ನೂ ನೀವು ಶಾಲೆಯಲ್ಲೇ ಕಲಿಯುತ್ತೀರಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಮಕ್ಕಳು ಉರ್ದುವಿನಲ್ಲಿ ಓದಲಿ, ಕನ್ನಡದಲ್ಲಿ ಓದಲಿ, ವಿಜ್ಞಾನದ ಬಾಗಿಲು ಅವರಿಗೆ ಮುಚ್ಚಿಲ್ಲ. ಬದಲಾಗುವುದನ್ನು ಅಳೆಯಬೇಕಾದರೆ ಬದಲಾಗದ್ದನ್ನು ಮೊದಲು ಗುರುತಿಸಬೇಕು. ಈ ಮಾತನ್ನು ನಿಮ್ಮ ಪ್ರಯೋಗಶಾಲೆಯಲ್ಲಿ ನೆನಪಿಡಿರಿ.