ದನದ ಅಂಗಳಕ್ಕೆ ಗರಸು ಎಷ್ಟು ಬೇಕು?
(ಕೊಣ್ಣೂರ ಭಾಗದ ಹಾಲು ಉತ್ಪಾದಕರಿಗಾಗಿ ಮಾಡಿದ ಭಾಷಣ)



ಘಟಪ್ರಭೆಯ ದಂಡೆಯ ನಮ್ಮ ಎರೆಮಣ್ಣು ಬೆಳೆಗೆ ಬಂಗಾರ, ಮಳೆಗಾಲದಲ್ಲಿ ದನಕ್ಕೆ ಕಂಟಕ. ಸದಾ ಕೆಸರಿನಲ್ಲಿ ನಿಂತರೆ ಗೊರಸು ಮೆತ್ತಗಾಗಿ ಹುಣ್ಣಾಗುತ್ತದೆ. ಕೆಸರಿನಲ್ಲಿ ಮಲಗಿದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಆದ್ದರಿಂದ ಅಂಗಳಕ್ಕೆ ಗರಸು ಹಾಕಿಸಿರಿ. ಆದರೆ ಲೆಕ್ಕ ಮಾಡಿಯೇ ಹಾಕಿಸಿರಿ.

ಒಂದು ಆಕಳಿಗೆ ಸುಮಾರು 75 ಚದರ ಅಡಿ ತೆರೆದ ಜಾಗ ಬೇಕು. ನಾಲ್ಕು ಆಕಳಿಗೆ 300 ಚದರ ಅಡಿ, ಅಂದರೆ 20 ಅಡಿ ಉದ್ದ, 15 ಅಡಿ ಅಗಲ. ಎಮ್ಮೆಗೆ ಇನ್ನೂ 10 ಅಡಿ ಹೆಚ್ಚು ಹಿಡಿಯಿರಿ.

ಲೆಕ್ಕದ ಕ್ರಮ ಹೀಗಿದೆ: ಉದ್ದದ ಅಡಿಯನ್ನು ಅಗಲದ ಅಡಿಯಿಂದ ಗುಣಿಸಿ, ಅದನ್ನು ದಪ್ಪದ ಇಂಚಿನಿಂದ ಗುಣಿಸಿ, 12ರಿಂದ ಭಾಗಿಸಿರಿ. ಬಂದದ್ದು ಘನ ಅಡಿ. 4 ಇಂಚು ದಪ್ಪಕ್ಕೆ 20 × 15 × 4 ÷ 12 = 100 ಘನ ಅಡಿ. ಇದೇ ಒಂದು ಬ್ರಾಸ್. ಸಡಿಲ ಗರಸು ದಿಮ್ಮಸು ಹೊಡೆದಾಗ ಕುಸಿಯುವುದರಿಂದ ಕಾಲು ಭಾಗ ಹೆಚ್ಚು ತರಿಸಬೇಕು. ಒಟ್ಟು 125 ಘನ ಅಡಿ.

ಇಲ್ಲಿ ಎಚ್ಚರ ಬೇಕು. ‘ಒಂದು ಟ್ರಾಲಿ ಎಂದರೆ ಒಂದು ಬ್ರಾಸ್’ ಎಂಬ ಮಾತನ್ನು ನಂಬಬೇಡಿರಿ. ಟ್ರಾಲಿಯ ಒಳಗೆ ಟೇಪು ಹಿಡಿಯಿರಿ. 10 ಅಡಿ ಉದ್ದ, 6 ಅಡಿ ಅಗಲದ ಟ್ರಾಲಿಯಲ್ಲಿ ಗರಸು 15 ಇಂಚು ಮಾತ್ರ ತುಂಬಿದ್ದರೆ ಅದು 75 ಘನ ಅಡಿ. ಬ್ರಾಸಿನ ಹಣ ಕೊಟ್ಟರೆ ಕಾಲು ಭಾಗ ನಷ್ಟ. ಮೇಲಿನ ಗುಡ್ಡೆಯನ್ನು ಸಮ ಮಾಡಿಸಿದ ಮೇಲೆಯೇ ಆಳ ಅಳೆಯಿರಿ.

ಹಾಕುವಾಗ ನೆನಪಿಡಬೇಕಾದ ಅಂಶಗಳು:

1. ಮೊದಲು ಕೆಸರು ಕೆರೆದು ತೆಗೆದು, ನೆಲ ಒಣಗಿಸಿರಿ. ಹಸಿ ಎರೆಮಣ್ಣಿನ ಮೇಲೆ ಸುರಿದ ಗರಸು ಒಳಗೇ ಇಳಿದುಹೋಗುತ್ತದೆ.

2. 20 ಅಡಿಗೆ 4 ಇಂಚಿನಷ್ಟು ಇಳಿಜಾರನ್ನು ಮಣ್ಣಿನಲ್ಲಿಯೇ ಕೊಡಿರಿ. ಗರಸಿನಿಂದ ಇಳಿಜಾರು ಮಾಡಹೊರಟರೆ ದಿಮ್ಮಸು ಆದ ಲೆಕ್ಕದಲ್ಲೇ ಅರ್ಧ ಬ್ರಾಸ್ ಹೆಚ್ಚು ಬೇಕು.

3. ಮೇಲ್ಪದರಕ್ಕೆ ಚೂಪು ಖಡಿ ಬೇಡ, ಗೊರಸಿಗೆ ಚುಚ್ಚುತ್ತದೆ. ಸದಾ ರಾಡಿಯಾಗುವ ನೀರಿನ ತೊಟ್ಟಿಯ ಸುತ್ತ ಮಾತ್ರ ಕೆಳಗೆ ಖಡಿ ಹಾಕಿ, ಮೇಲೆ 2 ಇಂಚು ಗರಸು ಮುಚ್ಚಿರಿ.

4. ಸ್ವಲ್ಪ ನೀರು ಚಿಮುಕಿಸಿ, ಎರಡು ಪದರಾಗಿ ದಿಮ್ಮಸು ಹೊಡೆಯಿರಿ.

ಹಾಲನ್ನು ಲೀಟರಿನಲ್ಲಿ ಅಳೆದು ಕೊಡುವ ನಾವು ಗರಸನ್ನು ಕಣ್ಣಳತೆಯಲ್ಲಿ ಕೊಳ್ಳುವುದೇಕೆ? ಮಳೆಗಾಲಕ್ಕೆ ಮೊದಲೇ ಅಂಗಳ ಅಳೆಯಿರಿ.