ಹಾಡು ಉಳಿಯಿತು, ಬರೆದವರು?

ಇವತ್ತು ರಾಜಕೀಯಕ್ಕೆ ಸ್ವಲ್ಪ ರಜೆ. ಒಂದು ಹಾಡಿನ ಬಗ್ಗೆ ಮಾತಾಡ್ತೀನಿ. 'ವಿತೌಟ್ ಯು' ಅಂತ. ಇಂಗ್ಲಿಷ್ ಹಾಡಿನ ಕಥೆ ನಮಗ್ಯಾಕೆ ಅಂತ ರಿಮೋಟ್ ಎತ್ಕೋಬೇಡಿ. ಇದು ದುಡ್ಡಿನ ಕಥೆಯೂ ಹೌದು.

ಈ ಹಾಡು ಮರಿಯಾ ಕ್ಯಾರಿಯದ್ದು ಅಂತ ಬಹಳ ಜನ ತಿಳಿದಿದ್ದಾರೆ. ಆಕೆಯ ಹಾಡು ಸಿಂಗಲ್ ಆಗಿ ಬಂದಿದ್ದು 1994ರಲ್ಲಿ. ಸ್ವಲ್ಪ ಹಳಬರನ್ನು ಕೇಳಿ, ಹ್ಯಾರಿ ನಿಲ್ಸನ್ ಅಂತಾರೆ. 1972ರಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆ ನಂಬರ್ ಒನ್ ಆಗಿದ್ದು ಅವರ ಹಾಡಿಕೆ. ಆದರೆ ಅಸಲಿ ಹಾಡು ಇವರಿಬ್ಬರದ್ದೂ ಅಲ್ಲ. ಬ್ಯಾಡ್‌ಫಿಂಗರ್ ಅನ್ನೋ ರಾಕ್ ಬ್ಯಾಂಡಿನದು. ಬೀಟಲ್ಸ್‌ನವರ ಆ್ಯಪಲ್ ಕಂಪನಿಯಿಂದ 1970ರಲ್ಲಿ ಬಂದ 'ನೋ ಡೈಸ್' ಆಲ್ಬಂನಲ್ಲಿತ್ತು.

ಅದು ಹುಟ್ಟಿದ್ದು ಹೇಗೆ ಗೊತ್ತಾ? ವೇಲ್ಸ್‌ನ ಸ್ವಾನ್ಸಿ ಊರಿನ ಪೀಟ್ ಹ್ಯಾಮ್ ಹತ್ತಿರ ಚರಣಗಳಿದ್ದವು, ಸರಿಯಾದ ಪಲ್ಲವಿ ಇರಲಿಲ್ಲ. ಲಿವರ್‌ಪೂಲ್‌ನ ಟಾಮ್ ಇವಾನ್ಸ್ ಹತ್ತಿರ ಪಲ್ಲವಿ ಇತ್ತು, ಚರಣ ಇರಲಿಲ್ಲ. ಎರಡು ಅರ್ಧ ಹಾಡುಗಳನ್ನು ಜೋಡಿಸಿದರು. ಚರಣದಲ್ಲಿ ಹೇಳಲಾಗದ ಸಂಕಟ, ಮಾತು ತಗ್ಗಿದ ದನಿಯಲ್ಲೇ ಇರುತ್ತೆ. ಪಲ್ಲವಿ ಬಂದಾಗ ಕಟ್ಟೆ ಒಡೆಯುತ್ತೆ. ನನ್ನ ಪ್ರಕಾರ ಈ ಹಾಡು ಐವತ್ತು ವರ್ಷ ದಾಟಿಯೂ ಹಳತಾಗದಿರುವುದಕ್ಕೆ ಕಾರಣ ಈ ಬೆಸುಗೆಯೇ. ಬ್ಯಾಡ್‌ಫಿಂಗರ್ ಅದನ್ನು ಸಾದಾ ಆಗಿ ಹಾಡಿ ಮುಂದೆ ಹೋಯಿತು. ನಿಲ್ಸನ್ ಪಿಯಾನೋದ ಜೊತೆ ಮೆಲ್ಲಗೆ ಶುರು ಮಾಡಿ, ಕೊನೆಗೆ ಗಂಟಲು ಬಿರಿಯುವ ಹಾಗೆ ಕೂಗಿದರು. ಹಾಡಿನೊಳಗೆ ಏನಿತ್ತು ಅಂತ ಲೋಕಕ್ಕೆ ಗೊತ್ತಾಗಿದ್ದು ಆಗ.

ಪದವೇ ಬೇಡ ಇದಕ್ಕೆ. 2008ರಲ್ಲಿ ಬಲ್ಗೇರಿಯಾದ ಟಿವಿ ಸ್ಪರ್ಧೆಯೊಂದರಲ್ಲಿ ಇಂಗ್ಲಿಷ್ ಬಾರದ ಹೆಣ್ಣುಮಗಳೊಬ್ಬಳು ಕಿವಿಗೆ ಬಿದ್ದ ಹಾಗೆ ಇದನ್ನು ಹಾಡಿದಳು. ಜಗತ್ತು ನಕ್ಕಿತು. ನಗಲಿ ಬಿಡಿ, ಹಾಡು ಯಾವುದು ಅಂತ ಮಾತ್ರ ಎಲ್ಲರಿಗೂ ಥಟ್ಟನೆ ಗೊತ್ತಾಯಿತಲ್ವಾ?

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ನೂರಕ್ಕೂ ಹೆಚ್ಚು ಗಾಯಕರು ಹಾಡಿದ ಹಾಡು ಇದು. ಬರೆದವರ ಮನೆಯಲ್ಲಿ ಹೊಳೆ ಹರಿದಿರಬೇಕು ಅಂದ್ಕೋತೀರಿ. ಬ್ಯಾಂಡಿನ ಲೆಕ್ಕಪತ್ರವೆಲ್ಲ ಮ್ಯಾನೇಜರ್ ಕೈಯಲ್ಲಿತ್ತು. ಹುಡುಗರು ಓದದೇ ಸಹಿ ಹಾಕಿದ್ದರು. ದುಡ್ಡು ಕೋರ್ಟು ಕಚೇರಿಗಳಲ್ಲಿ ಸಿಕ್ಕಿಬಿತ್ತು. 1975ರ ಏಪ್ರಿಲ್‌ನಲ್ಲಿ ಪೀಟ್ ಹ್ಯಾಮ್ ಪ್ರಾಣ ಕಳೆದುಕೊಂಡ. ಇಪ್ಪತ್ತೆಂಟು ತುಂಬಲು ಮೂರೇ ದಿನ ಬಾಕಿ. ಬಿಟ್ಟುಹೋದ ಚೀಟಿಯಲ್ಲಿ ಮ್ಯಾನೇಜರ್ ಮೇಲೆ ಸಿಟ್ಟಿತ್ತು. ಮನೆಯಲ್ಲಿದ್ದ ಸಂಗಾತಿ ಆಗ ತುಂಬು ಗರ್ಭಿಣಿ. 1983ರಲ್ಲಿ ಟಾಮ್ ಇವಾನ್ಸ್ ಕೂಡ ಅದೇ ದಾರಿ ಹಿಡಿದ. ಇದೇ ಹಾಡಿನ ರಾಯಲ್ಟಿ ಯಾರಿಗೆಷ್ಟು ಅನ್ನೋ ಜಗಳ ಆಗಲೂ ಮುಗಿದಿರಲಿಲ್ಲ.

ನಮ್ಮ ಸ್ಟುಡಿಯೋಗಳೂ ಅಷ್ಟೇ. ಹಾಡಿದವರಿಗೆ ಕುರ್ಚಿ ಹಾಕ್ತೀವಿ, ಶಾಲು ಹೊದಿಸ್ತೀವಿ. ಬರೆದವರ ಹೆಸರು ಪರದೆಯ ಕೆಳಗೆ ಎರಡು ಸೆಕೆಂಡ್ ಓಡುತ್ತೆ.

ನಿಲ್ಸನ್ ತೀರಿಕೊಂಡಿದ್ದು 1994ರ ಜನವರಿಯಲ್ಲಿ. ಮರಿಯಾ ಕ್ಯಾರಿಯ ಹಾಡು ಸಿಂಗಲ್ ಆಗಿ ಹೊರಬಂದಿದ್ದೂ ಅದೇ ತಿಂಗಳು. ಬ್ರಿಟನ್‌ನಲ್ಲಿ ಮತ್ತೆ ನಂಬರ್ ಒನ್. ಸ್ವಾನ್ಸಿಯಲ್ಲಿ ಪೀಟ್ ಹ್ಯಾಮ್ ಹೆಸರಿನ ನೀಲಿ ಫಲಕ ಬಂದಿದ್ದು 2013ರಲ್ಲಿ, ಅವನ ಹುಟ್ಟುಹಬ್ಬದ ದಿನ. ಅಪ್ಪನ ಮುಖವನ್ನೇ ನೋಡದ ಮಗಳು ಅವತ್ತು ಅಲ್ಲಿದ್ದಳು.