ನೋವಿಗೆ ಅಂಕ ಕೊಟ್ಟ ಮೇಲೆ

ನ್ಯೂಯಾರ್ಕ್, ನ್ಯೂಜೆರ್ಸಿಯ ಆಸ್ಪತ್ರೆಗಳಲ್ಲಿ ಮಲಗಿದ ರೋಗಿಯನ್ನು ನರ್ಸ್‌ಗಳು ಪಾಳಿ ಪಾಳಿಗೂ ಕೇಳುತ್ತಾರೆ: ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ. ಈ ಹೊತ್ತಿನಲ್ಲಿ ನಿಮಗೆ ಆಸರೆ ಯಾವುದು ಎಂದು ಕೇಳುವವರು ಮಾತ್ರ ಅಪರೂಪ. ಮ್ಯಾನ್‌ಹಟನ್‌ನ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ 369 ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಒಂದಾದರೂ ಆಧ್ಯಾತ್ಮಿಕ ಅಗತ್ಯ ತಮಗಿದೆ ಎಂದವರು ನೂರಕ್ಕೆ 73. ಸಿಬ್ಬಂದಿ ಅದನ್ನು ವಿಚಾರಿಸಿದ್ದರು ಎಂದವರು ನೂರಕ್ಕೆ ಆರೇ ಆರು. ಇದಕ್ಕೂ ಮೊದಲು, 2003ರಲ್ಲಿ, ಬದುಕು ಇನ್ನು ಮೂರು ತಿಂಗಳೂ ಇಲ್ಲ ಎನ್ನಿಸಿಕೊಂಡ 160 ಕ್ಯಾನ್ಸರ್ ರೋಗಿಗಳನ್ನು ನ್ಯೂಯಾರ್ಕಿನ ಸಂಶೋಧಕರು ಮಾತಾಡಿಸಿದ್ದರು. ಒಳಗೊಂದು ನೆಲೆ ಸಿಕ್ಕಿದ್ದವರಲ್ಲಿ ಹತಾಶೆಯೂ ಬೇಗ ಸತ್ತರೆ ಸಾಕೆಂಬ ಹಂಬಲವೂ ಕಡಿಮೆ ಇದ್ದವು. ಹಾಗಿರುವಾಗ ಈ ಅಗತ್ಯವನ್ನು ವಿಚಾರಿಸುವುದೂ ಆರೈಕೆಯ ಭಾಗವೇ ಆಗಬೇಕು.

ಇದನ್ನು ಒಪ್ಪದವರೂ ಇದ್ದಾರೆ, ಅವರ ಮಾತಿನಲ್ಲಿ ತೂಕವೂ ಇದೆ. ವೈದ್ಯರು ಧರ್ಮವನ್ನು ಔಷಧಿಯ ಹಾಗೆ ಬರೆದುಕೊಡಬಾರದೆಂದು ಕೊಲಂಬಿಯಾ ವಿಶ್ವವಿದ್ಯಾಲಯದ ರಿಚರ್ಡ್ ಸ್ಲೋನ್ ವಾದಿಸುತ್ತ ಬಂದಿದ್ದಾರೆ. ಹೃದಯದ ಬೈಪಾಸ್ ಆದ 1,802 ಮಂದಿಯ ಅಧ್ಯಯನ 2006ರಲ್ಲಿ ಬಂದಾಗ, ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲೇ ತೊಡಕುಗಳು ಹೆಚ್ಚಿದ್ದವು! ಆದರೆ ಕೇಳುವುದು ಬೇರೆ, ಬೋಧಿಸುವುದು ಬೇರೆ. ಬಾಯಿಗೆ ಏನೂ ಕೊಡಬಾರದೆಂದು ಬರೆದಿರುವ ರೋಗಿಗೆ ಮಕ್ಕಳು ಒಂದು ಉದ್ಧರಣೆ ತೀರ್ಥ ಕುಡಿಸಲು ಬಯಸುತ್ತಾರೆ ಎನ್ನಿ. ನುಂಗಿದರೆ ಶ್ವಾಸಕೋಶಕ್ಕೆ ಇಳಿದೀತು. ಹತ್ತಿಯನ್ನು ಅದರಲ್ಲಿ ಅದ್ದಿ ತುಟಿಗೆ ಸವರಬಹುದೇ ಎಂಬುದನ್ನು ನರ್ಸ್ ಹೇಳಬಲ್ಲರು. ಅದಕ್ಕೆ ಅವರು ದೇವರನ್ನು ನಂಬಬೇಕಿಲ್ಲ. ಇಷ್ಟಲಿಂಗವನ್ನು ಮೈಮೇಲಿಂದ ತೆಗೆಯದವರಿಗೆ ಎಂಆರ್‌ಐಗೆ ಮೊದಲು ಕರಡಿಗೆಯ ಲೋಹದ ತೊಂದರೆಯನ್ನು ವಿವರಿಸಿ, ಏನು ಮಾಡೋಣ ಎನ್ನುವುದೂ ಇಷ್ಟೇ ಸರಳ.

ಇಲ್ಲಿರುವ ಕನ್ನಡಿಗರಾದ ನಮ್ಮ ಕಡೆಯ ಅಡ್ಡಿ ಇನ್ನೊಂದು ಬಗೆಯದು. ಆಸ್ಪತ್ರೆಯ ಚಾಪ್ಲೇನ್ ಬರಲೇ ಎಂದರೆ ಮತಾಂತರದ ಅನುಮಾನ, ಇಲ್ಲವೇ ಕೊನೆಗಾಲ ಬಂತೆಂಬ ಗಾಬರಿ. ಯಾವ ಧರ್ಮದ ರೋಗಿಯ ಮಾತನ್ನೂ, ಧರ್ಮವೇ ಬೇಡವೆನ್ನುವವರ ಮಾತನ್ನೂ ಕೇಳಿಸಿಕೊಳ್ಳಲು ತರಬೇತಿ ಪಡೆದವರು ಈ ಚಾಪ್ಲೇನ್‌ಗಳು. ಫ್ಲಶಿಂಗ್‌ನ ಗಣಪತಿ ದೇವಸ್ಥಾನ, ಎಡಿಸನ್ನಿನ ಕೃಷ್ಣ ಬೃಂದಾವನ ಇವೆಯಲ್ಲ ಎನ್ನಬಹುದು. ಆದರೆ ರಾತ್ರಿ ಎರಡು ಗಂಟೆಗೆ ಐಸಿಯುನಲ್ಲಿ ಇರುವವರು ಅರ್ಚಕರಲ್ಲ. ಮತ್ತೊಂದು ಅಡ್ಡಿ, ರೋಗಿಯಾದ ಅಮ್ಮನ ಬದಲು ಮಗನೇ ಉತ್ತರಿಸಿಬಿಡುವುದು. "ಎಲ್ಲಾ ಕರ್ಮ" ಎಂದು ಆಕೆ ಗೊಣಗಿದ್ದು ಸಮಾಧಾನದಿಂದಲೋ, ತಾನೇ ತಪ್ಪಿತಸ್ಥೆ ಎಂಬ ಸಂಕಟದಿಂದಲೋ, ಮಗನಿಗೂ ತಿಳಿಯದು. ಅವನೆದುರು ಆಕೆ ಬಾಯಿಬಿಡದೆಯೂ ಇರಬಹುದು. ಇಲ್ಲಿನ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಫೋನಿನಲ್ಲಾದರೂ ಸರಿ. ಕನ್ನಡ ಬೇಕು ಎಂದು ಮೊದಲ ದಿನವೇ ಕೇಳಿ ಪಡೆಯಬೇಕು. ಆ ಸಂಭಾಷಣೆಯ ಹೊತ್ತಿಗೆ ಮಗ ಕಾಫಿಗೆಂದು ಕೆಳಗೆ ಹೋಗಿಬಂದರೂ ಆದೀತು.